ಮರುನುಡಿ ಬಾರದಿದ್ದರೆ ನುಡಿಯೇ ಇಲ್ಲವೆಂದೆ?

ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಊರು. ಅಲ್ಲಿನ ಆಕಾಶವಾಣಿ ಎಫ್‌ಎಂ ಕೇಂದ್ರದ ಪ್ರಸಾರ 100.5 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ಬಯಲು ಜಿಲ್ಲೆಗಳಿಗೆ ಇಳಿದುಬರುತ್ತದೆ. ಅದನ್ನು ಕೇಳಬಯಸುವವರು ಏನನ್ನೂ ಹುಡುಕಬೇಕಾಗಿಲ್ಲ. ರೇಡಿಯೋದ ಮುಳ್ಳನ್ನು ಒಂದು ಅಂಕಿಯ ಮೇಲೆ ನಿಲ್ಲಿಸಿದರೆ ಸಾಕು. ಕಂಬಂನ ದ್ರಾಕ್ಷಿ ತೋಟದಲ್ಲಿ ಕುಳಿತವರಿಗೂ ದಿಂಡಿಗಲ್ಲಿನ ಬೀಗದ ಅಂಗಡಿಯಲ್ಲಿ ಕುಳಿತವರಿಗೂ ಒಂದೇ ಧ್ವನಿ ಒಂದೇ ಗಳಿಗೆಯಲ್ಲಿ ಕೇಳಿಸುತ್ತದೆ. ಕೇಳುವವರು ಯಾರು, ಎಲ್ಲಿದ್ದಾರೆ ಎಂಬುದನ್ನು ಕೇಂದ್ರ ಅರಿಯದು. ಅರಿಯಬೇಕಾದ ಅಗತ್ಯವೂ ಅದಕ್ಕಿಲ್ಲ.

ಪಶ್ಚಿಮ ಘಟ್ಟದ ಅಡಿಯಲ್ಲಿ ಚಾಚಿಕೊಂಡಿರುವ ಈ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬೆಟ್ಟದ ಮೇಲಿನಿಂದ ಅವರಿಗೆ ಕೇಳಿಸುವುದು ತಮಿಳು. ಇಂದು ಅಂಥ ಮನೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದು ಕನ್ನಡ ಕೇಂದ್ರವೊಂದರ ಹೆಸರನ್ನು ಒತ್ತಿದರೆ ಕ್ಷಣಾರ್ಧದಲ್ಲಿ ಕನ್ನಡ ವಾರ್ತೆಯೋ ಭಾವಗೀತೆಯೋ ಹರಿದುಬರುತ್ತದೆ. ‘ಆಕಾಶವಾಣಿ’ ಎಂಬುದು 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರಕ್ಕಿದ್ದ ಹೆಸರೆಂಬುದನ್ನು ಕನ್ನಡದ ವಿದ್ಯಾರ್ಥಿಗಳು ಬಲ್ಲರು. ಆದರೆ ಅಂದಿನ ಬಾನುಲಿಗೂ ಇಂದಿನ ಈ ಹರಿವಿಗೂ ನಡುವೆ ಮೂಲಭೂತವಾದ ವ್ಯತ್ಯಾಸವೊಂದಿದೆ. ಬಾನುಲಿ ಎಲ್ಲರಿಗಾಗಿ ಒಮ್ಮೆಗೇ ಬಿತ್ತರಗೊಳ್ಳುತ್ತದೆ. ಸ್ಟ್ರೀಮಿಂಗ್‌ನಲ್ಲಿ ಪ್ರತಿಯೊಬ್ಬ ಕೇಳುಗನಿಗೂ ಪ್ರತ್ಯೇಕ ಧಾರೆ. ಆ ಧಾರೆಯನ್ನು ಕೊಡುವ ಸರ್ವರನ್ನು ಮೊದಲು ಹುಡುಕಿ ಹಿಡಿಯಬೇಕು. ಅದು ಹೇಗೆ ಸಿಗುತ್ತದೆ ಎಂಬ ಪ್ರಶ್ನೆ ಎಂಜಿನಿಯರುಗಳದಾದರೂ ಅದರ ಉತ್ತರದಲ್ಲಿ ಕನ್ನಡ ಅಧ್ಯಯನ ಕಲಿಯಬೇಕಾದ ಪಾಠವೊಂದು ಅಡಗಿದೆ.

ದೊಡ್ಡ ಸ್ಟ್ರೀಮಿಂಗ್ ಸೇವೆಗಳ ಹಿಂದೆ ಇರುವುದು ಒಂದು ಯಂತ್ರವಲ್ಲ. ನಾನಾ ಊರುಗಳಲ್ಲಿರುವ ಅನೇಕ ಯಂತ್ರಗಳು ಕೂಡಿ ಒಂದೇ ಸೇವೆಯಂತೆ ಕಾಣಿಸಿಕೊಳ್ಳುತ್ತವೆ. ಇದನ್ನೇ ವಿತರಿತ ವ್ಯವಸ್ಥೆ ಎನ್ನುವುದು. ಅಲ್ಲಿ ಯಂತ್ರಗಳು ಕೆಡುತ್ತವೆ, ಹೊಸವು ಸೇರುತ್ತವೆ, ಹಾಡುಗಳು ಒಂದರಿಂದ ಇನ್ನೊಂದಕ್ಕೆ ಸ್ಥಳಾಂತರಗೊಳ್ಳುತ್ತವೆ. ಆದ್ದರಿಂದ ಯಾವ ಯಂತ್ರದ ವಿಳಾಸವನ್ನೂ ಮೊಬೈಲಿನೊಳಗೆ ಶಾಶ್ವತವಾಗಿ ಬರೆದಿಡಲು ಬಾರದು. ಹುಡುಗಿ ಗುಂಡಿಯನ್ನು ಒತ್ತಿದಾಗ ಮೊದಲು ಹೊರಡುವುದು ಒಂದು ಸಣ್ಣ ಪ್ರಶ್ನೆ ಮಾತ್ರ: ಈ ಕೇಂದ್ರದ ಧ್ವನಿಯನ್ನು ಈಗ ಕೊಡಬಲ್ಲವರು ಯಾರು? ಉತ್ತರವಾಗಿ ವಿಳಾಸವೊಂದು ಬರುತ್ತದೆ. ಆ ವಿಳಾಸಕ್ಕೆ ಎರಡನೆಯ ಕರೆ ಹೋದ ಮೇಲೆ ಧಾರೆ ಆರಂಭವಾಗುತ್ತದೆ.

ದೂರದ ಯಂತ್ರದಲ್ಲಿರುವ ಕಾರ್ಯವೊಂದನ್ನು ತನ್ನೊಳಗಿನದೇ ಕಾರ್ಯವೆಂಬಂತೆ ಕರೆಯುವ ಈ ಕ್ರಮಕ್ಕೆ ‘ರಿಮೋಟ್ ಪ್ರೊಸೀಜರ್ ಕಾಲ್’ ಎಂದು ಹೆಸರು. ಕನ್ನಡದಲ್ಲಿ ಸರಳವಾಗಿ ‘ದೂರಕರೆ’ ಎನ್ನಬಹುದು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ರಮವನ್ನು ವಿಶದವಾಗಿ ನಿರೂಪಿಸಿತು. ಹುಡುಕಾಟದ ಪ್ರಶ್ನೆಯನ್ನು ಅವರು ಬಿಡಿಸಿದ ರೀತಿ ಇಂದಿಗೂ ಮಾದರಿಯಾಗಿದೆ. ಸೇವೆ ಕೊಡುವ ಯಂತ್ರ ತಾನೇ ಮುಂದಾಗಿ ‘ಗ್ರೇಪ್‌ವೈನ್’ ಎಂಬ ನೋಂದಣಿ ವ್ಯವಸ್ಥೆಯಲ್ಲಿ ತನ್ನ ಹೆಸರು, ತಾನು ಮಾಡಬಲ್ಲ ಕೆಲಸ ಮತ್ತು ತನ್ನ ವಿಳಾಸವನ್ನು ದಾಖಲಿಸುತ್ತಿತ್ತು. ಸೇವೆ ಬೇಕಾದ ಯಂತ್ರ ಅಲ್ಲಿ ಕೇಳಿ ವಿಳಾಸ ಪಡೆಯುತ್ತಿತ್ತು. ಸೇವೆಯ ಯಂತ್ರ ಒಮ್ಮೆ ಕೆಟ್ಟು ಮತ್ತೆ ಎದ್ದರೆ, ವಿಳಾಸ ಅದೇ ಆಗಿದ್ದರೂ ಹಳೆಯ ನಂಟು ಕಡಿದುಹೋಗುತ್ತಿತ್ತು. ಕರೆಯುವವರು ಮತ್ತೆ ಹೊಸದಾಗಿ ನಂಟು ಬೆಳೆಸಬೇಕಿತ್ತು.

ನಲವತ್ತು ವರ್ಷಗಳಲ್ಲಿ ಹೆಸರುಗಳು ಬದಲಾದರೂ ತತ್ತ್ವ ಬದಲಾಗಿಲ್ಲ. ಗೂಗಲ್ 2015ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಜಿಆರ್‌ಪಿಸಿ ಎಂಬ ದೂರಕರೆಯ ಚೌಕಟ್ಟಿನಲ್ಲಿ ಒಂದೇ ಪ್ರಶ್ನೆಗೆ ಉತ್ತರಗಳು ಸಾಲುಸಾಲಾಗಿ ಹರಿದುಬರುವ ಏರ್ಪಾಡೂ ಇದೆ. ಇಂದಿನ ಎಷ್ಟೋ ನೋಂದಣಿ ವ್ಯವಸ್ಥೆಗಳು ಇನ್ನೊಂದು ನಿಯಮವನ್ನು ಪಾಲಿಸುತ್ತವೆ. ಒಮ್ಮೆ ಹೆಸರು ಬರೆಸಿದರೆ ಸಾಲದು. ‘ನಾನು ಇದ್ದೇನೆ’ ಎಂಬ ಸೂಚನೆಯನ್ನು ಪ್ರತಿ ಯಂತ್ರವೂ ನಿಗದಿತ ಅಂತರದಲ್ಲಿ ಕಳುಹಿಸುತ್ತಿರಬೇಕು. ಎಂಜಿನಿಯರುಗಳು ಇದನ್ನು ‘ಹಾರ್ಟ್‌ಬೀಟ್’ ಎನ್ನುತ್ತಾರೆ. ಅದು ನಿಂತರೆ ಗಡುವು ಮುಗಿದೊಡನೆ ಹೆಸರು ಪಟ್ಟಿಯಿಂದ ಅಳಿಯುತ್ತದೆ. ಯಂತ್ರ ನಿಜಕ್ಕೂ ಕೆಟ್ಟಿದೆಯೋ ಅಥವಾ ನಡುವಣ ತಂತಿ ಮಾತ್ರ ಕಡಿದಿದೆಯೋ ಎಂಬುದನ್ನು ಪಟ್ಟಿ ವಿಚಾರಿಸುವುದಿಲ್ಲ.

ವಿತರಿತ ವ್ಯವಸ್ಥೆಯ ಅತ್ಯಂತ ಕಠಿಣವಾದ ಸಮಸ್ಯೆ ಎದುರಾಗುವುದು ಇಲ್ಲಿಯೇ. ಅದನ್ನು ಅರಿಯಲು ಈ ಕಣಿವೆಯ ನೆರೆಯಲ್ಲೇ ಒಂದು ನಿದರ್ಶನವಿದೆ. ಸ್ಪೈಸಸ್ ಬೋರ್ಡಿನ ಏಲಕ್ಕಿ ಇ-ಹರಾಜು ಕೇಂದ್ರಗಳು ತೇನಿ ಜಿಲ್ಲೆಯ ಬೋಡಿನಾಯಕನೂರಿನಲ್ಲೂ ಘಟ್ಟದ ಆಚೆ ಕೇರಳದ ಇಡುಕ್ಕಿ ಜಿಲ್ಲೆಯ ಪುಟ್ಟಡಿಯಲ್ಲೂ ಇವೆ. 2021ರ ಜನವರಿಯಲ್ಲಿ ಕ್ಲೌಡ್ ಆಧಾರಿತ ಹರಾಜು ಆರಂಭವಾದ ಮೇಲೆ ಒಂದು ಕೇಂದ್ರದಲ್ಲಿ ಕುಳಿತ ವ್ಯಾಪಾರಿ ಇನ್ನೊಂದು ಕೇಂದ್ರದ ಹರಾಜಿನಲ್ಲೂ ಭಾಗವಹಿಸುವುದು ಸಾಧ್ಯವಾಯಿತು. ಇಂಥ ಯಾವುದೇ ಹರಾಜಿನಲ್ಲಿ ವ್ಯಾಪಾರಿಯೊಬ್ಬ ಬೆಲೆಯನ್ನು ನಮೂದಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಉತ್ತರ ಮೂಡಲಿಲ್ಲ ಎಂದು ಭಾವಿಸೋಣ. ಅವನ ಕೂಗು ಹರಾಜಿನ ಯಂತ್ರವನ್ನು ತಲುಪದೇ ಇರಬಹುದು. ತಲುಪಿ, ದಾಖಲಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಯಂತ್ರಕ್ಕೆ ಕೆಲಸ ಹೆಚ್ಚಾಗಿ ಉತ್ತರ ತಡವಾಗಿರಬಹುದು. ವ್ಯಾಪಾರಿಯ ಎದುರಿಗಿರುವುದು ಮೂರಕ್ಕೂ ಸಮಾನವಾದ ಮೌನ. ಆ ಮೌನವೊಂದರಿಂದಲೇ ನಿಜವೇನೆಂದು ತಿಳಿಯುವುದು ಅಸಾಧ್ಯ.

ದೂರಕರೆಯನ್ನು ಹತ್ತಿರದ ಕರೆಯಂತೆಯೇ ಭಾವಿಸುವುದು ಅಪಾಯಕರವೆಂದು 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಿಮ್ ವಾಲ್ಡೊ ಮತ್ತು ಸಂಗಡಿಗರು ಒಂದು ಟಿಪ್ಪಣಿಯಲ್ಲಿ ಎಚ್ಚರಿಸಿದ್ದರು. ಒಂದೇ ಯಂತ್ರದೊಳಗೆ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ದೂರಗಳು ನಡುವೆ ಬಂದಾಗ ಒಂದು ಭಾಗ ಕೆಟ್ಟು ಇನ್ನೊಂದು ಭಾಗ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಯಾವುದು ಕೆಟ್ಟಿದೆಯೆಂದು ನಿಶ್ಚಯವಾಗಿ ಹೇಳಬಲ್ಲವರು ಯಾರೂ ಇರುವುದಿಲ್ಲ. ಉತ್ತರ ಬಾರದಿರುವುದು ಇಲ್ಲದಿರುವುದರ ಸಾಕ್ಷಿಯಲ್ಲ ಎಂಬುದೇ ಈ ಎಚ್ಚರಿಕೆಯ ಸಾರ.

ಈ ಪಾಠವನ್ನು ಕನ್ನಡ ಅಧ್ಯಯನ ಇನ್ನೂ ಕಲಿತಿಲ್ಲ ಎಂಬುದಕ್ಕೆ ಕಂಬಂ ಕಣಿವೆಯೇ ನಿದರ್ಶನ. ಅಲ್ಲಿ ಕಪ್ಪಿಲಿಯರ್ ಎಂದೂ ಒಕ್ಕಲಿಗರೆಂದೂ ಕರೆಯಲ್ಪಡುವ ಬೇಸಾಯಗಾರ ಸಮುದಾಯದ ಮನೆಮಾತು ಕನ್ನಡ. ಮದುರೆ ಸೀಮೆಯಲ್ಲಿ ಅನುಪ್ಪರ್ ಎಂಬ ಮತ್ತೊಂದು ಕನ್ನಡ ಮೂಲದ ಬೇಸಾಯಗಾರ ಸಮುದಾಯವಿದೆ. ತಮಿಳುನಾಡಿನ ದೇವಾಂಗ ನೇಕಾರರಲ್ಲಿ ಕನ್ನಡ ಮಾತನಾಡುವವರೂ ತೆಲುಗು ಮಾತನಾಡುವವರೂ ಇದ್ದಾರೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮದುರೆ ಜಿಲ್ಲಾ ಗೆಜೆಟಿಯರು ಕಂಬಂನ ಕನ್ನಡಿಗರನ್ನೂ ಅವರು ದೈವಸ್ವರೂಪವೆಂದು ಸಾಕುವ ತಂಬಿರಾನ್ ಮಾಡುಗಳ ಹಿಂಡನ್ನೂ ಪ್ರಸ್ತಾಪಿಸುತ್ತದೆ. 1909ರಲ್ಲಿ ಏಳು ಸಂಪುಟಗಳಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರ ಗ್ರಂಥದಲ್ಲಿಯೂ ಈ ಎರಡು ಬೇಸಾಯಗಾರ ಸಮುದಾಯಗಳ ಕುರಿತು ಬರಹಗಳಿವೆ. ಆ ಹಿಂಡಿನ ಕೊಟ್ಟಿಗೆ ಇಂದಿಗೂ ಕಂಬಂನಲ್ಲಿ ಪೂಜಾಸ್ಥಳವಾಗಿದೆ. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಜನ ನೆರೆಯುತ್ತಾರೆ.

ಹೀಗೆ ಒಂದು ಶತಮಾನದ ಹಿಂದೆ ಒಮ್ಮೆ ನೋಂದಣಿ ಆಯಿತು. ಆ ನೋಂದಣಿಯನ್ನು ಮಾಡಿದವರು ಆಡಳಿತಗಾರರು. ಅವರ ಕುತೂಹಲ ಜಾತಿ, ಮದುವೆ, ಹರಕೆಗಳಲ್ಲಿತ್ತೇ ಹೊರತು ಮಾತಿನಲ್ಲಿರಲಿಲ್ಲ. ಮಾತನ್ನು ‘ಕ್ಯಾನರೀಸ್’ ಎಂದು ಒಂದು ಪದದಲ್ಲಿ ಹೇಳಿ ಮುಗಿಸಲಾಯಿತು. ಇಂದಿಗೂ ಈ ಸಮುದಾಯಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಕೈಚಾಚುವುದು ಅದೇ ಹಳೆಯ ಪುಟಗಳಿಗೆ. ವಿಳಾಸ ಅದೇ, ಊರು ಅದೇ. ಆದರೆ ಐದಾರು ತಲೆಮಾರು ತಮಿಳಿನ ಶಾಲೆ, ಸಂತೆ, ಕಚೇರಿಗಳ ನಡುವೆ ಬದುಕಿದ ಆ ಕನ್ನಡ ಅಂದಿನದೇ ಆಗಿ ಉಳಿದಿರುವುದು ಸಾಧ್ಯವಿಲ್ಲ. ಬಿರೆಲ್ ಮತ್ತು ನೆಲ್ಸನ್ ಯಂತ್ರಗಳಿಗೆ ವಿಧಿಸಿದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ: ಹಳೆಯ ನಂಟನ್ನು ನೆಚ್ಚಿಕೊಂಡು ಕರೆಯಬಾರದು, ಹೊಸದಾಗಿ ಕೇಳಬೇಕು.

ಜನಗಣತಿಯೂ ಒಂದು ನೋಂದಣಿಯೇ. 2011ರ ಗಣತಿಯಲ್ಲಿ ತಮಿಳುನಾಡಿನ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಕನ್ನಡದ ಗುಂಪಿನಲ್ಲಿ ಎಣಿಕೆಯಾಗಿದ್ದಾರೆ. ಹೊಸೂರಿನ ಕನ್ನಡ, ಕೊಯಮತ್ತೂರಿನ ಕನ್ನಡ, ಕಂಬಂ ಕಣಿವೆಯ ಕನ್ನಡ ಇವೆಲ್ಲ ಆ ಒಂದು ಮೊತ್ತದೊಳಗೆ ಸೇರಿಹೋಗಿವೆ. ನೀಲಗಿರಿಯ ಬಡಗ ನುಡಿಯ ಸ್ಥಿತಿ ಇದಕ್ಕಿಂತ ಭಿನ್ನ. ಗಣತಿ ಅದನ್ನು ಕನ್ನಡದ ಗುಂಪಿನಲ್ಲಿಯೇ ಇರಿಸಿದರೂ ಪ್ರತ್ಯೇಕ ಹೆಸರಿನಿಂದ ಎಣಿಸುತ್ತದೆ. ಅದರ ಪ್ರಕಾರ 2011ರಲ್ಲಿ ಬಡಗ ನುಡಿಯವರು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಭಾಷೆಗಳಿಗೆ ಅಂತರರಾಷ್ಟ್ರೀಯ ಮಾನಕ ನೀಡುವ ಸಂಕೇತಗಳ ಪಟ್ಟಿಯಲ್ಲಿಯೂ ಬಡಗಕ್ಕೆ ತನ್ನದೇ ಸ್ಥಾನವಿದೆ. ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಏನೇ ಇರಲಿ, ಹೆಸರಿದ್ದುದರಿಂದ ಅದು ಹುಡುಕಿದವರಿಗೆ ಸಿಗುತ್ತದೆ. ಕಂಬಂ ಕಣಿವೆಯ ನುಡಿಗೆ ‘ಕನ್ನಡ’ ಎಂಬ ಸಾಮಾನ್ಯ ಹೆಸರಲ್ಲದೆ ಬೇರೆ ಗುರುತಿಲ್ಲ. ಆ ಹೆಸರಿನಡಿ ಹುಡುಕಿದವರಿಗೆ ಸಿಗುವುದು ಬೆಂಗಳೂರು, ಮೈಸೂರು, ಧಾರವಾಡಗಳ ಕನ್ನಡವೇ ಹೊರತು ಕಣಿವೆಯದಲ್ಲ.

ಇದರ ಪರಿಣಾಮ ಕನ್ನಡ ತರಗತಿಯೊಳಗೂ ಕಾಣುತ್ತದೆ. ಉಪಭಾಷೆಗಳ ಪಾಠದಲ್ಲಿ ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಗಳ ಭೇದಗಳನ್ನು ವಿದ್ಯಾರ್ಥಿಗಳು ಓದುತ್ತಾರೆ. ಕಾಸರಗೋಡಿನ ಪ್ರಸ್ತಾಪವೂ ಬರುತ್ತದೆ. ಕಂಬಂ ಕಣಿವೆಯ ಮಾತು ಬಂದರೆ ‘ಅಲ್ಲಿ ಹಿಂದೆ ಕನ್ನಡಿಗರು ವಲಸೆ ಹೋಗಿದ್ದರು’ ಎಂಬ ಭೂತಕಾಲದ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಅಲ್ಲಿಂದ ಪುಸ್ತಕಗಳು ಬಂದಿಲ್ಲ, ಪತ್ರಿಕೆಗಳು ಬಂದಿಲ್ಲ, ಸಮ್ಮೇಳನಗಳಿಗೆ ಪ್ರತಿನಿಧಿಗಳು ಬಂದಿಲ್ಲ. ಆದ್ದರಿಂದ ಕನ್ನಡವೂ ಉಳಿದಿಲ್ಲ ಎಂಬುದು ಅಲಿಖಿತ ತೀರ್ಮಾನ. ಲಿಪಿಯಲ್ಲಿ ಕೇಳಿದ ಪ್ರಶ್ನೆಗೆ ಬಾಯಿಮಾತಿನ ಸಮುದಾಯ ಲಿಪಿಯಲ್ಲಿ ಉತ್ತರಿಸಲಿಲ್ಲ ಎಂಬುದಷ್ಟೇ ಇದರ ಅರ್ಥ. ಕರೆದವರು ಗಡುವು ಮುಗಿಯಿತೆಂದು ಹೆಸರನ್ನು ಅಳಿಸಿದರು. ಅಡುಗೆಮನೆಯಲ್ಲಿ, ತೋಟದ ಬದುವಿನಲ್ಲಿ, ಕೊಟ್ಟಿಗೆಯಲ್ಲಿ ಮಾತು ಮುಂದುವರಿಯಿತು.

ಸ್ಟ್ರೀಮಿಂಗ್ ಬಂದಿದೆಯಲ್ಲ, ಕಣಿವೆಯ ಮನೆಗೂ ಕನ್ನಡ ಹರಿದು ಹೋಗುತ್ತಿದೆಯಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಘಟ್ಟದ ಅಡಿಯ ಮನೆಯೊಂದರಲ್ಲಿ ಕನ್ನಡದ ವಾರ್ತೆ ಕೇಳಿಸುವುದು ಸಣ್ಣ ಸಂಗತಿಯಲ್ಲ. ಆದರೆ ಆ ಧಾರೆ ಹರಿಯುವುದು ಒಂದೇ ದಿಕ್ಕಿಗೆ. ಸರ್ವರನ್ನು ಹುಡುಕುವ ವಿದ್ಯೆ ಪಕ್ವಗೊಂಡಿದೆ. ಕಣಿವೆಯ ಮಾತನ್ನು ಹುಡುಕುವ ದಾರಿ ಮಾತ್ರ ಇನ್ನೂ ತೆರೆದಿಲ್ಲ. ಮೇಲಾಗಿ, ಗ್ರಂಥಸ್ಥ ಕನ್ನಡವನ್ನೇ ಸದಾ ಕೇಳುವ ಮಗುವಿಗೆ ಅಜ್ಜಿಯ ಮಾತು ತಪ್ಪು ಕನ್ನಡವೆಂದು ತೋರುವ ಅಪಾಯವೂ ಇದೆ. ತಮಿಳಿನ ಒತ್ತಡವನ್ನು ಇಷ್ಟು ಕಾಲ ತಾಳಿಕೊಂಡ ಮನೆಮಾತು ಶಿಷ್ಟ ಕನ್ನಡದ ಎದುರು ನಾಚಿ ಬಾಯಿಮುಚ್ಚಿದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಇರಲಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಆ ಜನ ತಮಿಳುನಾಡಿನವರು. ಅವರ ಓದು, ಉದ್ಯೋಗ, ರಾಜಕೀಯ ಎಲ್ಲವೂ ತಮಿಳಿನಲ್ಲಿ ಸುಗಮವಾಗಿ ನಡೆದಿದೆ. ಕರ್ನಾಟಕದ ಕಾಲೇಜುಗಳು ಅವರ ಮೇಲೆ ಹಕ್ಕು ಸಾಧಿಸುವುದು ಸರಿಯೇ? ಸರಿಯಲ್ಲ ಎಂಬುದೇ ಇದಕ್ಕೆ ನೇರವಾದ ಉತ್ತರ. ಯಾರನ್ನೂ ಹಿಂದಕ್ಕೆ ಕರೆದುಕೊಳ್ಳಬೇಕಾದ ಅಗತ್ಯವಿಲ್ಲ. ಎರಡು ನುಡಿಗಳಲ್ಲಿ ಬದುಕುವುದು ಕೊರತೆಯೂ ಅಲ್ಲ. ತಂತ್ರಜ್ಞಾನದ ಮಾದರಿ ಇಲ್ಲಿಯೂ ವಿವೇಕವನ್ನು ಕಲಿಸುತ್ತದೆ. ಗ್ರೇಪ್‌ವೈನಿನಲ್ಲಿ ಹೆಸರು ಬರೆಸುತ್ತಿದ್ದುದು ಕರೆಯುವ ಯಂತ್ರವಲ್ಲ, ಸೇವೆ ಕೊಡುವ ಯಂತ್ರ. ಯಾವ ಹೆಸರಿನಿಂದ ಗುರುತಿಸಿಕೊಳ್ಳಬೇಕು, ಏನನ್ನು ಹೊರಗಿಡಬೇಕು, ಏನನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು ಎಂಬ ತೀರ್ಮಾನ ಆ ನುಡಿಯನ್ನಾಡುವವರದೇ ಆಗಬೇಕು. ನೂರು ವರ್ಷಗಳ ಹಿಂದಿನ ನೋಂದಣಿಯಲ್ಲಿ ಈ ಹಕ್ಕು ಅವರಿಗಿರಲಿಲ್ಲ. ಹೊಸ ನೋಂದಣಿ ಅದೇ ತಪ್ಪನ್ನು ಮತ್ತೆ ಮಾಡಬಾರದು.

ಹಾಗಾದರೆ ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಪಾಲಿನ ಕೆಲಸವೇನು? ದೊಡ್ಡ ಯೋಜನೆಗಳಿಗಾಗಿ ಕಾಯಬೇಕಿಲ್ಲ. ಒಂದು ಮೊಬೈಲು, ಒಂದು ಪರಿಚಯ, ಒಂದು ಒಪ್ಪಿಗೆ ಇಷ್ಟಿದ್ದರೆ ಹತ್ತು ನಿಮಿಷದ ಮಾತನ್ನು ದಾಖಲಿಸಬಹುದು. ದ್ರಾಕ್ಷಿ ಬಳ್ಳಿಯನ್ನು ಸವರುವ ಬಗೆ, ಹಬ್ಬದ ಅಡುಗೆ, ನಂಟರನ್ನು ಕರೆಯುವ ಹೆಸರುಗಳು, ದನಗಳ ಬಣ್ಣಕ್ಕಿರುವ ಪದಗಳು: ಇವೇ ಸಾಕಷ್ಟು ವಿಷಯಗಳು. ಆದರೆ ಧ್ವನಿಯನ್ನು ದಾಖಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾರೂ ಹುಡುಕಲಾಗದ ಕಡತ ಇಲ್ಲದ ಕಡತಕ್ಕೆ ಸಮ. ಆದ್ದರಿಂದ ಊರು, ದಿನಾಂಕ, ಮಾತಿನ ವಿಷಯ, ಮಾತನಾಡಿದವರು ತಮ್ಮ ನುಡಿಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ದಾಖಲೆಯನ್ನು ಯಾರು ಕೇಳಬಹುದೆಂದು ಅವರು ಒಪ್ಪಿದ್ದಾರೆ ಎಂಬ ವಿವರಗಳು ಪ್ರತಿ ದಾಖಲೆಯೊಡನೆಯೂ ಇರಬೇಕು. ಸಾವಿರ ಗಂಟೆಗಳ ಹೆಸರಿಲ್ಲದ ಧ್ವನಿಗಿಂತ ವಿವರಗಳುಳ್ಳ ಹತ್ತು ನಿಮಿಷ ಹೆಚ್ಚು ಕಾಲ ಬಾಳುತ್ತದೆ.

ಎರಡನೆಯದಾಗಿ, ಬರೆಯುವ ಕ್ರಮದ ಕುರಿತು ಒಡಂಬಡಿಕೆ ಬೇಕು. ದೂರಕರೆಯಲ್ಲಿ ಕರೆಯುವವರೂ ಉತ್ತರಿಸುವವರೂ ಮೊದಲೇ ಒಪ್ಪಿಕೊಂಡ ನಿರೂಪಣೆಯೊಂದು ಇಲ್ಲದಿದ್ದರೆ ಬಂದ ಉತ್ತರವೂ ಅರ್ಥವಾಗುವುದಿಲ್ಲ. ಕಣಿವೆಯ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಶಿಷ್ಟರೂಪಕ್ಕೆ ತಿದ್ದುವ ಚಪಲ ಬರುತ್ತದೆ. ತಮಿಳು ಲಿಪಿಯಲ್ಲಿ ಬರೆದರೆ ಅಲ್ಪಪ್ರಾಣದ ಘೋಷ, ಅಘೋಷಗಳ ಭೇದ ಮರೆಯಾಗುತ್ತದೆ. ಕೇಳಿದಂತೆಯೇ ಬರೆಯುವ, ತಿದ್ದದಿರುವ ಶಿಸ್ತನ್ನು ಭಾಷಾವಿಜ್ಞಾನದ ತರಗತಿ ಕಲಿಸುತ್ತದೆ. ಆ ಶಿಸ್ತು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ಉಳಿಯಬಾರದು. ಅದೇ ಬರಹವನ್ನು ತಮಿಳು ಲಿಪಿಯಲ್ಲೂ ಕೊಟ್ಟರೆ ಮಾತನಾಡಿದ ಮನೆಯವರೂ ತಮ್ಮ ಮಾತನ್ನು ಓದಿ ತಪ್ಪುಗಳನ್ನು ತೋರಿಸಬಲ್ಲರು.

ಮೂರನೆಯದು ನವೀಕರಣ. ಒಂದು ಅಧ್ಯಯನ ಪ್ರವಾಸ, ಒಂದು ಸಂಪ್ರಬಂಧ, ಒಂದು ಪ್ರಮಾಣಪತ್ರ ಎಂಬಲ್ಲಿಗೆ ನಿಂತರೆ ಅದು 1909ರ ನೋಂದಣಿಗಿಂತ ಉತ್ತಮವಾದುದೇನಲ್ಲ. ಒಂದು ತಂಡ ಬೆಳೆಸಿದ ಪರಿಚಯವನ್ನು ಮುಂದಿನ ತಂಡಕ್ಕೆ ಒಪ್ಪಿಸುವ ಪದ್ಧತಿ ವಿಭಾಗಗಳಲ್ಲಿ ಬೆಳೆಯಬೇಕು. ವರ್ಷಕ್ಕೊಮ್ಮೆಯಾದರೂ ಫೋನಿನಲ್ಲಿ ‘ಹೇಗಿದ್ದೀರಿ’ ಎಂದು ವಿಚಾರಿಸಿದರೆ ನಂಟು ಜೀವಂತವಾಗಿರುತ್ತದೆ. 1969ರಿಂದ ಮೈಸೂರಿನಲ್ಲಿರುವ ಭಾರತೀಯ ಭಾಷಾ ಸಂಸ್ಥಾನದಂಥ ಸಂಸ್ಥೆಗಳ ಮಾರ್ಗದರ್ಶನವನ್ನು ಕೇಳಿ ಪಡೆಯಬಹುದು. ಆದರೆ ಮೊದಲ ಕರೆ ಹೋಗಬೇಕಾದುದು ಸಂಸ್ಥೆಗಳಿಗಲ್ಲ, ಮನೆಗಳಿಗೆ.

ಕಂಬಂನ ಆ ಹುಡುಗಿ ಮೊಬೈಲಿನ ಗುಂಡಿ ಒತ್ತಿದಾಗ ಅವಳಿಗೆ ಕಾಣದ ಹತ್ತಾರು ಯಂತ್ರಗಳು ಪರಸ್ಪರ ವಿಚಾರಿಸಿಕೊಂಡು, ಒಂದು ಉತ್ತರಿಸದಿದ್ದರೆ ಇನ್ನೊಂದನ್ನು ಕೇಳಿ, ಕೊನೆಗೆ ಅವಳ ಕಿವಿಗೆ ಕನ್ನಡವನ್ನು ತಲುಪಿಸುತ್ತವೆ. ಉತ್ತರ ಬಾರದಿದ್ದಾಗ ಬೇರೆ ದಾರಿಯಲ್ಲಿ ಮತ್ತೆ ಕೇಳುವ ತಾಳ್ಮೆಯನ್ನು ಯಂತ್ರಗಳಿಗೆ ಕಲಿಸಲಾಗಿದೆ. ಹಾಡು ನಿಲ್ಲಿಸಿ ಅವಳು ಅಜ್ಜಿಯೊಡನೆ ಆಡುವ ಮಾತೂ ಕನ್ನಡವೇ. ಅದನ್ನು ಕೇಳಲು ಅಷ್ಟೇ ತಾಳ್ಮೆಯ ಕರೆಯೊಂದು ಕನ್ನಡ ವಿಭಾಗಗಳಿಂದ ಹೊರಡಬೇಕಾಗಿದೆ.